ಆದಿನಾರಾಯಣಪ್ಪನ ಕುರ್ಚಿ

ಆವತ್ತು ಭಾನುವಾರ. ಅವರೆಕಾಯಿ ಕಾಲ. ವರಲಕ್ಷ್ಮಮ್ಮ ಹಿಂದಿನ ದಿನವೇ ಕಾಳು ಬಿಡಿಸಿ ನೆನೆಹಾಕಿದ್ದಳು. ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ಜಗುಲಿ ಮೇಲೆ ಕೂತು ಹಿತುಕುತ್ತಿದ್ದರು. ಗಂಡ ಆದಿನಾರಾಯಣಪ್ಪ ಡೈರಿಗೆ ಹಾಲು ಹಾಕಿ ಬಂದ. ಖಾಲಿ ಕ್ಯಾನು ಇಳಿಸಿದ. ತನ್ನ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಾನೂ ಒಂದು ಹಿಡಿ ಕಾಳು ತಗೊಂಡ. ಹಿತುಕಿದ ರಭಸಕ್ಕೆ ಬೇಳೆ ಹಾರಿ ಅಂಗಳಕ್ಕೆ ಬಿತ್ತು. ಕೋಳಿ ತಿಂತು. ಮತ್ತೊಂದು ಹಿತುಕಿದ. ಅದನ್ನೂ ಕೋಳಿ ತಿಂತು.

"ಸಾರು ನಮಗೋ, ಕೋಳಿಗೋ?" ಅಂದಳು ವರಲಕ್ಷ್ಮಮ್ಮ.

"ಕೋಳಿ ತಿಂದ್ರೇನು, ಆಮೇಲೆ ಕೋಳೀನ ನಾವು ತಿಂತೀವಲ್ಲ" ಅಂದ ಅವನು. "ಅಮ್ಮಣ್ಣಿ, ಇವತ್ತು ಯಾರ್ ಮನೆ?"

ಅಮ್ಮಣ್ಣಿ ಅಂದರೆ ಸೊಸೆ ಭಾನುಪ್ರಿಯಾ. ಹೊಸಕೋಟೆಯಲ್ಲಿ ನರ್ಸಿಂಗ್ ಕಾಲೇಜಲ್ಲಿ ಪಾಠ ಹೇಳುತ್ತಾಳೆ. ಹೇಳುತ್ತಲೇ ಪಿಎಚ್‌ಡಿ ಮಾಡುತ್ತಿದ್ದಳು. "ಪಕ್ಕದೂರಲ್ಲಿ ಉಳಿದ ನಾಲ್ಕು ಮನೆ ಮುಗಿಸ್ಬಿಡೋಣ ಮಾವ. ಆಮೇಲೆ ನಮ್ಮೂರೊಂದೇ" ಅಂದಳು.

"ನಮ್ಮೂರು ಎಲ್ಲಿಗೋಗುತ್ತೆ? ಕೊನೆಗಿರ್ಲಿ."

ಪಿಎಚ್‌ಡಿ ಅಂದರೇನು ಅಂತ ವರಲಕ್ಷ್ಮಮ್ಮನಿಗೆ ಮೊದಮೊದಲು ಗೊತ್ತಾಗಲಿಲ್ಲ. ಅವಳು ಓದಿದ್ದು ಮೂರನೇ ಕ್ಲಾಸು. ಸೊಸೆ ಬಿಡಿಸಿ ಹೇಳಿದಳು. ಬಿ.ಪಿ. ಇರುವ ಹೆಂಗಸರು ಮಾತ್ರೆ ತಗೋತಾರೆ. ಸ್ವಲ್ಪ ದಿನ ಆದ ಮೇಲೆ ಬಿಡುತ್ತಾರೆ. ಯಾಕೆ ಬಿಡುತ್ತಾರೆ? ಒಬ್ಬ ನರ್ಸು ತಿಂಗಳಿಗೊಂದು ಸಲ ಮನೆಗೇ ಹೋಗಿ, ಕೂತು, ಕಷ್ಟ ಸುಖ ಕೇಳಿ, ಬಿ.ಪಿ. ನೋಡಿದರೆ ಬಿಡದೆ ತಗೋತಾರಾ? ಅದನ್ನ ಆರು ತಿಂಗಳು ನೋಡೋದು. ಆರು ತಿಂಗಳು ತುಂಬಿದ ಮೇಲೆ ಕೊನೇ ಸಲ ಅಳೆಯೋದು. ಅಳೆದದ್ದನ್ನೆಲ್ಲ ಸೇರಿಸಿ ಪುಸ್ತಕ ಬರೆಯೋದು. ಪುಸ್ತಕ ಪಾಸಾದರೆ ಡಾಕ್ಟರ್ ಭಾನುಪ್ರಿಯಾ.

"ಡಾಕ್ಟ್ರು ಅಂದ್ರೆ ಇಂಜೆಕ್ಷನ್ ಕೊಡ್ತೀಯಾ?" ಅಂತ ಕೇಳಿದ್ದಳು ವರಲಕ್ಷ್ಮಮ್ಮ.

"ಅದು ಈಗ್ಲೂ ಕೊಡ್ತೀನಿ ಅತ್ತೆ."

"ಮತ್ತೆ ಮಾತ್ರೆ ಚೀಟಿ ಬರೀತೀಯಾ?"

"ಇಲ್ಲ ಅತ್ತೆ, ಅದು ಆವಾಗ್ಲೂ ಬರಿಯಲ್ಲ."

"ಮತ್ಯಾಕೆ ಓದ್ತೀಯಾ?"

ಇದಕ್ಕೆ ಆದಿನಾರಾಯಣಪ್ಪ ನಕ್ಕಿದ್ದ. "ಲೇ, ಡೈರಿಲಿ ನಮ್ ಹಾಲಿಗೆ ದಿನಾ ಡಿಗ್ರಿ ನೋಡ್ತಾರೆ, ಅದ್ರಿಂದ ಹಸು ಏನಾದ್ರೂ ಜಾಸ್ತಿ ಹಾಲು ಕೊಡುತ್ತಾ? ಹಾಲು ಗಟ್ಟಿ ಅಂತ ಗೊತ್ತಾಗುತ್ತೆ. ಇದೂ ಹಂಗೇ."

ಮನೆಮನೆ ಹೋಗೋದು ಶುರುವಾದಾಗ ಒಂದು ತೊಂದರೆ ಬಂತು. ಬಿ.ಪಿ. ನೋಡಬೇಕಾದರೆ ಬೆನ್ನಿಗೆ ಆಸರೆ ಇರಬೇಕು, ಕಾಲು ನೆಲಕ್ಕೆ ಊರಿರಬೇಕು. ಐದು ನಿಮಿಷ ಮಾತಾಡದೆ ಕೂರಬೇಕು. ಹಳ್ಳಿ ಮನೆಗಳಲ್ಲಿ ಒಂದೊಂದು ಕಡೆ ಒಂದೊಂದು ಥರ. ಒಬ್ಬರ ಮನೆಯಲ್ಲಿ ಮೆತ್ತನೆ ಸೋಫಾ, ಕೂತರೆ ಮುಳುಗಿಹೋಗುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಮಂಚದ ಅಂಚು. ಮತ್ತೊಬ್ಬರದ್ದು ಹೊಸಿಲು. ಒಂದೇ ಥರ ಕೂರಿಸದಿದ್ದರೆ ಅಳತೆ ಒಂದೇ ಥರ ಬರಲ್ಲ ಅಂತ ಭಾನುಪ್ರಿಯಾ ಪೇಚಾಡುತ್ತಿದ್ದಳು. ಆದಿನಾರಾಯಣಪ್ಪ ಎದ್ದು ತನ್ನ ನೀಲಿ ಕುರ್ಚಿಯನ್ನೇ ಟಿವಿಎಸ್ ಮೊಪೆಡ್ಡಿನ ಮುಂದೆ, ಕಾಲಿಡುವ ಜಾಗದಲ್ಲಿ ನಿಲ್ಲಿಸಿ ಹಗ್ಗದಲ್ಲಿ ಕಟ್ಟಿದ. ಸೊಸೆಯನ್ನು ಹಿಂದೆ ಕೂರಿಸಿಕೊಂಡ. ಹೊರಟ.

ಸಮೇತನಹಳ್ಳಿ ಸುತ್ತಿನ ಊರುಗಳಲ್ಲಿ ಅದೊಂದು ನೋಟ ಆಯಿತು. ಮುಂದೆ ಕುರ್ಚಿ, ಮಧ್ಯ ಮಾವ, ಹಿಂದೆ ಬ್ಯಾಗು ತಬ್ಬಿಕೊಂಡ ಸೊಸೆ. ಟೀ ಅಂಗಡಿ ಮುಂದೆ ಜನ ಕೂಗೋರು.

"ಏನಪ್ಪಾ ಆದಿನಾರಾಯಣಪ್ಪ, ಕುರ್ಚಿ ಹಿಡ್ಕೊಂಡೇ ಎಲೆಕ್ಷನ್‌ಗೆ ಹೊಂಟಿದೀಯಾ?"

"ಹೂಂ ಕಣಪ್ಪಾ, ಓಟ್ ಹಾಕು. ನಿನ್ ಹೆಂಡ್ರನ್ನ ಕೂರಿಸ್ತೀನಿ!"

ಮನೆ ಮನೆಯಲ್ಲೂ ಕಾಫಿ ಕುಡಿದು ಬರೋನು. ಹೆಂಗಸು ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುವಾಗ ಅಂಗಳದಿಂದ ಏನಾದರೂ ಅಂದು ನಗಿಸಿಬಿಡೋನು. ಮತ್ತೆ ಐದು ನಿಮಿಷ. ಸೊಸೆ ಬೈಯೋಳು. "ಮಾವ, ನೀವು ರೋಡಿಗೆ ಹೋಗಿ ನಿಂತ್ಕೊಳ್ಳಿ." ಹೋಗಿ ನಿಂತುಕೊಳ್ಳೋನು. ಅಲ್ಲಿಂದಲೂ ಏನಾದರೂ ಅನ್ನೋನು.

ಆ ಭಾನುವಾರವೂ ಹೋಗಿ ಬಂದರು. ಮಧ್ಯಾಹ್ನ ಮುದ್ದೆ, ಹಿತುಕಿದ ಬೇಳೆ ಸಾರು. ಆದಿನಾರಾಯಣಪ್ಪ ಎರಡು ಮುದ್ದೆ ಉಂಡ. ತಟ್ಟೆಯಲ್ಲಿ ಒಂದು ಬೇಳೆಯೂ ಉಳಿಸಲಿಲ್ಲ.

"ನಾಳೆನೂ ಇದೇ ಮಾಡು" ಅಂದ.

"ನಾಳೆ ಸೊಪ್ಪಿನ ಸಾರು" ಅಂದಳು. ದಿನಾ ಹಿತುಕೋಕೆ ಯಾರಿಗಾಗುತ್ತೆ?

ಮಾರನೇ ದಿನ ಬೆಳಗ್ಗೆ ಹಾಲು ಕರೆದು ಕ್ಯಾನಿಗೆ ಸುರಿದ. ಕೊಟ್ಟಿಗೆ ಬಾಗಿಲಲ್ಲಿ ಕೂತುಕೊಂಡ. ಸುಮ್ಮನೆ ಕೂರೋ ಜಾತಿಯವನಲ್ಲ, ಹಾಗಾಗಿ ವರಲಕ್ಷ್ಮಮ್ಮ ತಿರುಗಿ ನೋಡಿದಳು. ಅವನು ಬಾಗಿಲಿಗೆ ವಾಲಿದ್ದ. ಕರೆದಳು. ಭಾನುಪ್ರಿಯಾ ಓಡಿ ಬಂದು ನೆಲಕ್ಕೆ ಮಲಗಿಸಿ ಎದೆ ಒತ್ತಿದಳು. ಬೆವರು ಸುರಿಯುವ ತನಕ ಒತ್ತಿದಳು. ಮಗ ಮುನಿಕೃಷ್ಣ ಫೋನು ಮಾಡಿದ. ಆಂಬುಲೆನ್ಸು ಬೇಗನೇ ಬಂತು. ಬಂದವರು ನೋಡಿ ತಲೆ ಅಲ್ಲಾಡಿಸಿದರು. ಹಾಲು ಕ್ಯಾನಿನಲ್ಲೇ ಇತ್ತು. ಪಕ್ಕದ ಮನೆಯವರು ಡೈರಿಗೆ ತಗೊಂಡು ಹೋದರು.

ಸಂಜೆ ಹೊಲದಲ್ಲಿ ಮಣ್ಣು ಮಾಡಿದರು. ಮುನಿಕೃಷ್ಣ ತಲೆ ಬೋಳಿಸಿಕೊಂಡ. ಮನೆಗೆ ಸೂತಕ ಬಂತು. ಹನ್ನೊಂದನೇ ದಿನದ ತಿಥಿ ಆಗುವ ತನಕ ಮನೆಯವರು ಇನ್ನೊಬ್ಬರ ಹೊಸಿಲು ತುಳಿಯೋ ಹಾಗಿಲ್ಲ. ಯಾರನ್ನೂ ಮುಟ್ಟೋ ಹಾಗಿಲ್ಲ. ಮುಟ್ಟಿಸಿಕೊಂಡವರು ತಲೆ ಮೇಲೆ ನೀರು ಹಾಕಿಕೊಂಡೇ ಒಳಗೆ ಹೋಗಬೇಕು. ಇದನ್ನು ಎದುರು ಬೀದಿಯ ಮುನಿತಾಯಮ್ಮ ಬಂದು ಅಂಗಳದಲ್ಲೇ ನಿಂತು ಹೇಳಿದಳು. ಊರಲ್ಲಿ ಶಾಸ್ತ್ರ ಅಂದರೆ ಅವಳೇ. ಸೊಸೆಯ ಲೆಕ್ಕದಲ್ಲಿ ಬಿ.ಪಿ. ಇರುವ ಹೆಂಗಸರಲ್ಲೂ ಅವಳೇ ಮೊದಲನೆಯವಳು.

ಭಾನುಪ್ರಿಯಾ ಒಂದು ಮೂಲೆಯಲ್ಲಿ ಕೂತಳು. ಅವಳ ಗೈಡ್ ಮೇಡಂ ಫೋನು ಮಾಡಿ ಸಮಾಧಾನ ಹೇಳಿದರು. ಆಮೇಲೆ ಮೆತ್ತಗೆ ಕೇಳಿದರು, ನಿಮ್ಮೂರಿನ ಕೊನೇ ಅಳತೆ ಎಷ್ಟು ದಿನ ತಡೆಯಬಹುದು ಅಂತ. ತಡೆಯೋ ಹಾಗಿರಲಿಲ್ಲ. ಆರು ತಿಂಗಳು ಮುಗಿದ ಒಂದು ವಾರದೊಳಗೆ ಅಳೆಯಬೇಕು, ಬೆಳಗಿನ ಅದೇ ಹೊತ್ತಿಗೆ. ಆ ವಾರ ಸೂತಕದೊಳಗೇ ಮುಗಿಯುತ್ತಿತ್ತು. ವಾರ ದಾಟಿದರೆ ಈ ಊರನ್ನು ಲೆಕ್ಕದಿಂದ ಬಿಡಬೇಕು. ಬಿಟ್ಟರೆ ಹೆಂಗಸರು ಸಾಲಲ್ಲ. ಬೇರೆ ಊರು ಹುಡುಕಿ ಮತ್ತೆ ಮೊದಲಿಂದ ಆರು ತಿಂಗಳು. ಅಷ್ಟರಲ್ಲಿ ಅವಳಿಗೆ ಕೊಟ್ಟ ವರ್ಷಗಳೇ ಮುಗಿದುಹೋಗುತ್ತವೆ.

ಮುನಿಕೃಷ್ಣ ಒಳ್ಳೆಯ ಹುಡುಗ. ಹೊಸಕೋಟೆ ಗೋಡೌನಿನಲ್ಲಿ ಸೂಪರ್‌ವೈಸರ್. ಹೆಂಡತಿ ಓದಿಗೆ ಅವನು ಯಾವತ್ತೂ ಅಡ್ಡ ಬಂದವನಲ್ಲ. "ಹೋಗ್ಲಿ ಬಿಡು ಭಾನು. ಸೂತಕದಲ್ಲಿ ಯಾರ ಮನೆಗೆ ಹೋಗ್ತೀಯಾ? ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ" ಅಂದ.

"ಹೂಂ" ಅಂದಳು ಅವಳು. ಅಷ್ಟೇ. ಜಗಳವಾಡಿದ್ದರೆ ವರಲಕ್ಷ್ಮಮ್ಮನಿಗೆ ಭಯ ಆಗುತ್ತಿರಲಿಲ್ಲ. ಆ ಹೂಂ ಕೇಳಿ ಭಯ ಆಯಿತು.

ಮೂರನೇ ದಿನ ಹಾಲುತುಪ್ಪ. ಬೆಳಗ್ಗೆ ವರಲಕ್ಷ್ಮಮ್ಮನೇ ಹಸು ಕರೆದಳು. ಒಂದು ಚೊಂಬು ಹಾಲು, ಮಣ್ಣು ಮಾಡಿದ ಗುಡ್ಡೆಗೆ ಬಿಡಲಿಕ್ಕೆ ಎತ್ತಿಟ್ಟಳು. ಉಳಿದದ್ದು ಕ್ಯಾನಿನಲ್ಲಿತ್ತು. ಪಕ್ಕದ ಮನೆಯವರಿಗೆ ದಿನಾ ಎಷ್ಟು ಅಂತ ಹೇಳೋದು? ಸೆರಗು ಹೊದ್ದುಕೊಂಡು ಕ್ಯಾನು ಎತ್ತಿಕೊಂಡು ತಾನೇ ಡೈರಿಗೆ ಹೋದಳು. ಮದುವೆಯಾಗಿ ಬಂದ ಮೇಲೆ ಡೈರಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅದು ಗಂಡನ ಕೆಲಸವಾಗಿತ್ತು.

ಸಾಲಲ್ಲಿ ಒಬ್ಬಳು ಬೆಳಬೆಳಗ್ಗೆ ಇವಳ ಮುಖ ನೋಡಬಾರದು ಅಂತ ಆ ಕಡೆ ತಿರುಗಿಕೊಂಡಳು. ತಿರುಗಿಕೊಳ್ಳಲಿ, ಹಾಲೇನು ಒಡೆಯಲ್ಲ ಅಂದುಕೊಂಡಳು ವರಲಕ್ಷ್ಮಮ್ಮ. ಸೆಕ್ರೆಟ್ರಿ ಗಂಗಣ್ಣ ಎದ್ದು ನಿಂತು, "ಬನ್ನಿ ಅಕ್ಕ" ಅಂದ. ಅಳತೆ ಕೊಳವೆ ಹಾಲಿಗೆ ಬಿಟ್ಟು, ಡಿಗ್ರಿ ನೋಡಿ ಬರೆದುಕೊಂಡ.

ಅವಳು ಪಕ್ಕಕ್ಕೆ ಸರಿದು ನಿಂತು ನೋಡಿದಳು. ಊರಿನ ಅರ್ಧ ಹೆಂಗಸರು ಅಲ್ಲಿದ್ದರು. ಕೆದರಿದ ಕೂದಲು, ಸಗಣಿ ಮೆತ್ತಿದ ಸೀರೆ ಅಂಚು. ಯಾರೂ ಇನ್ನೂ ನೀರು ಹಾಕಿಕೊಂಡಿಲ್ಲ. ಹಾಲು ಹಾಕಿ ಹೋಗಿ ಆಮೇಲೆ ಸ್ನಾನ, ಆಮೇಲೆ ದೇವರು, ಆಮೇಲೆ ಒಲೆ. ಮುನಿತಾಯಮ್ಮನೂ ಇದ್ದಳು. ಅವಳ ಕ್ಯಾನು ವರಲಕ್ಷ್ಮಮ್ಮನ ಕ್ಯಾನಿಗೆ ಟಣ್ ಅಂತ ತಗುಲಿತು. ಭುಜಕ್ಕೆ ಭುಜವೂ ತಗುಲಿತು. ಮುನಿತಾಯಮ್ಮ ಏನೂ ಅನ್ನಲಿಲ್ಲ. ಮುಂದಕ್ಕೆ ಹೋದಳು.

ವರಲಕ್ಷ್ಮಮ್ಮ ಮನೆಗೆ ಹೋಗಲಿಲ್ಲ. ಮುನಿತಾಯಮ್ಮನ ಹಿಂದೆಯೇ ನಡೆದು ಅವಳ ಗೇಟಿನ ಹೊರಗೆ ನಿಂತಳು.

"ಅಕ್ಕಯ್ಯ, ಒಂದು ಮಾತು."

"ಅಲ್ಲೇ ನಿಂತ್ಕೊಂಡು ಹೇಳಮ್ಮ. ಒಳಗೆ ಬರ್ಬೇಡ."

"ಒಳಗೆ ಯಾರ್ ಬರ್ತಾರೆ? ಡೈರಿಲಿ ನಿನ್ ಭುಜ ನನ್ ಭುಜಕ್ಕೆ ತಗುಲ್ತಲ್ಲ, ನಿಂಗೆ ಮೈಲಿಗೆ ಆಗ್ಲಿಲ್ವಾ?"

"ಹಾಲು ಹಾಕೋ ಹೊತ್ತಲ್ಲಿ ಎಂಥ ಮೈಲಿಗೆನೇ? ಮೈ ತೊಳ್ದಿರಲ್ಲ, ಮುಖ ತೊಳ್ದಿರಲ್ಲ. ಈಗ ಬಂದು ನೀರು ಹಾಕ್ಕೊಂಡ್ರೆ ಎಲ್ಲ ಹೋಯ್ತು."

"ಹಂಗಾದ್ರೆ ಅದೇ ಹೊತ್ತಲ್ಲಿ ಅಲ್ಲೇ ನನ್ ಸೊಸೆ ನಿನ್ ತೋಳು ಮುಟ್ಟಿದ್ರೆ?"

ಮುನಿತಾಯಮ್ಮ ಬಚ್ಚಲ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಚೊಂಬು. ಅತ್ತ ಇತ್ತ ನೋಡಿದಳು.

"ಗಂಡ ಹೋಗಿ ಮೂರು ದಿನ ಆಗಿಲ್ಲ, ಆಗ್ಲೇ ಲಾಯರ್ ಆಗ್ಬಿಟ್ಯಲ್ಲೇ ವರಲಕ್ಷ್ಮಿ!"

"ಹೇಳಕ್ಕಯ್ಯ. ಹೋಗುತ್ತೋ ಹೋಗಲ್ವೋ?"

"ಹೋಗುತ್ತೆ ಕಣೇ. ನೀರು ಹಾಕ್ಕೊಂಡ್ರೆ ಹೋಗುತ್ತೆ. ಹೋಗು ಈಗ, ನಂಗೆ ಚಳಿ."

ವರಲಕ್ಷ್ಮಮ್ಮ ಮನೆಗೆ ಬಂದು ಸೊಸೆಗೆ ಹೇಳಿದಳು. ಹೆಂಗಸರ ಮನೆಗೆ ನೀನು ಹೋಗೋದು ಬೇಡ, ಅವರೇ ಡೈರಿಗೆ ಬರುತ್ತಾರೆ. ಹಾಲು ಹಾಕದವರಿಗೂ ನಾನು ಬೀದಿಯಲ್ಲಿ ನಿಂತು ಕೂಗಿ ಹೇಳುತ್ತೇನೆ. ನಾಳೆ ಬೆಳಗ್ಗೆ ಮೆಷಿನ್ನು ತಗೊಂಡು ಬಾ.

ಭಾನುಪ್ರಿಯಾ ತಲೆ ಎತ್ತಲಿಲ್ಲ. "ಬೇಡ ಅತ್ತೆ. ನಮ್ಮನೇಲಿ ಇದ್ದ ಮಾವನ್ನೇ ಉಳಿಸ್ಕೊಳ್ಳೋಕಾಗ್ಲಿಲ್ಲ. ಊರೋರ ಬಿ.ಪಿ. ಅಳೆದು ಪುಸ್ತಕ ಬರ್ದು ಏನ್ ಮಾಡ್ಲಿ? ಜನ ನಗಲ್ವಾ?"

ಇದು ವರಲಕ್ಷ್ಮಮ್ಮನಿಗೆ ಗೊತ್ತಿರಲಿಲ್ಲ. ಸೂತಕ ಅಂದುಕೊಂಡಿದ್ದಳು. ಸೂತಕ ಅಲ್ಲ, ಇದು. ಅವಳು ಸೊಸೆ ಮುಂದೆ ನೆಲದ ಮೇಲೆ ಕೂತಳು.

"ನೋಡು. ಅವ್ರೂ ದಿನಾ ಬಿ.ಪಿ. ಮಾತ್ರೆ ನುಂಗ್ತಿದ್ರು. ನೀರು ಕೊಡ್ತಿದ್ದೋಳು ನಾನು. ನೀನು ವಾರ ವಾರ ಅಳೀತಿದ್ದೆ. ಸರಿಯಾಗೇ ಇತ್ತು ಅಂತ ನೀನೇ ಹೇಳಿದ್ದೆ. ಆದ್ರೂ ಹೋದ್ರು. ನೀನೇನು ಯಮನ ಜತೆ ಕುಸ್ತಿ ಆಡೋಕೆ ಓದಿದೀಯಾ?"

ಭಾನುಪ್ರಿಯಾ ಅತ್ತಳು. ಮೂರು ದಿನದಲ್ಲಿ ಮೊದಲನೇ ಸಲ ಜೋರಾಗಿ ಅತ್ತಳು. ವರಲಕ್ಷ್ಮಮ್ಮ ಸಾಕಾಗುವ ತನಕ ಅಳಲು ಬಿಟ್ಟಳು.

"ಇನ್ನೊಂದು ಹೇಳ್ತೀನಿ" ಅಂದಳು ಆಮೇಲೆ. "ತಟ್ಟೇಲಿ ಒಂದಗುಳು ಬಿಟ್ಟೋರಲ್ಲ ಆ ಮನುಷ್ಯ. ಈ ಊರೊಂದು ಬಿಟ್ಟು ಹೋಗಿದಾರೆ. ನಂಗದು ನೋಡೋಕಾಗಲ್ಲ."

ಮುನಿಕೃಷ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಬೋಳು ತಲೆ ಸವರಿಕೊಂಡ. "ಕುರ್ಚಿ ಎಲ್ಲಿದೆಯಮ್ಮ?" ಅಂದ.

ಕುರ್ಚಿ ಕೊಟ್ಟಿಗೆ ಹಿಂದಿತ್ತು. ಸತ್ತವರ ಸಾಮಾನು ಅಂತ ಯಾರೋ ಅಲ್ಲಿಟ್ಟಿದ್ದರು. ವರಲಕ್ಷ್ಮಮ್ಮ ತೊಳೆದಳು. ಬೇರೆ ಕುರ್ಚಿ ಆಗಲ್ಲವಾ ಅಂತ ಸೊಸೆಯನ್ನು ಕೇಳಲಿಲ್ಲ. ಅವಳಿಗೇ ಗೊತ್ತಿತ್ತು, ಆರು ತಿಂಗಳು ಅದರಲ್ಲೇ ಅಳೆದದ್ದು.

ಮಾರನೇ ದಿನ ಬೆಳಗ್ಗೆ ಕ್ಯಾನು ಮುನಿಕೃಷ್ಣನ ಕೈಯಲ್ಲಿ, ಕುರ್ಚಿ ವರಲಕ್ಷ್ಮಮ್ಮನ ತಲೆ ಮೇಲೆ, ಬ್ಯಾಗು ಭಾನುಪ್ರಿಯಾಳ ಎದೆಗೆ. ಗಂಗಣ್ಣ ಡೈರಿ ಜಗುಲಿಯ ಒಂದು ಮೂಲೆ ಗುಡಿಸಿಟ್ಟಿದ್ದ. ಗೋಡೆ ಪಕ್ಕ ಕುರ್ಚಿ ಹಾಕಿದರು. ಹೆಂಗಸರು ಬಂದರು. ಹಾಲು ಹಾಕಿದರು. ನಿಂತರು. ಯಾರೂ ಕೂರಲಿಲ್ಲ.

"ಸತ್ತೋನ ಚೇರು" ಅಂತ ಯಾರೋ ಪಿಸುಗುಟ್ಟಿದರು.

ವರಲಕ್ಷ್ಮಮ್ಮ ತಾನೇ ಹೋಗಿ ಕೂತಳು. ಬೆನ್ನು ಒರಗಿಸಿದಳು. ಕಾಲು ನೆಲಕ್ಕೆ ಊರಿದಳು. ತೋಳು ಚಾಚಿದಳು. ಭಾನುಪ್ರಿಯಾ ಅತ್ತೆಯ ಮುಖ ನೋಡಿದಳು, ಗಡಿಯಾರ ನೋಡಿದಳು. ಐದು ನಿಮಿಷ ಬಿಟ್ಟು ಪಟ್ಟಿ ಕಟ್ಟಿದಳು. ಮೆಷಿನ್ನು ಬುಸ್ ಅಂತು.

"ಅತ್ತೆ, ಜಾಸ್ತಿ ಇದೆ."

"ಇರ್ಲಿ. ಗಂಡ ಸತ್ತೋಳಿಗೆ ಕಮ್ಮಿ ಇರುತ್ತಾ? ನಂದು ಆಮೇಲೆ ನೋಡ್ಕೊಳ್ಳೋಣ. ಮುಂದಿನೋರು ಬನ್ನಿ."

ಯಾರೋ ಕಿಸಕ್ ಅಂದರು. ಮುನಿತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ಎದ್ದೇಳು ಅತ್ಲಾಗೆ. ಅವನೇ ಎಷ್ಟ್ ಸಲ ಕೂರ್ಸಿಲ್ಲ ನನ್ನ ಇದ್ರಲ್ಲಿ" ಅಂದು ಕೂತಳು.

ಐದು ನಿಮಿಷ ಮಾತಾಡಬಾರದು. ಡೈರಿಯಲ್ಲಿ ಹಾಲು ಸುರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಮುನಿತಾಯಮ್ಮನ ಕಣ್ಣಲ್ಲಿ ನೀರು ಬಂತು. ಕೆನ್ನೆ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಕೈ ಅಲ್ಲಾಡಿಸಬಾರದು ಅಂತ ಹೇಳಿದ್ದರಲ್ಲ.

"ಅಳ್ಬೇಡಿ ಅಜ್ಜಿ. ಅತ್ರೆ ಜಾಸ್ತಿ ತೋರಿಸುತ್ತೆ" ಅಂದಳು ಭಾನುಪ್ರಿಯಾ.

"ನಾನೇನು ಬೇಕು ಅಂತ ಅಳ್ತಿದೀನಾ? ಇಷ್ಟೊತ್ತಿಗೆ ಆ ಮುಂಡೇಮಗ ರೋಡಲ್ಲಿ ನಿಂತ್ಕೊಂಡು ಏನಾದ್ರೂ ಅಂದು ನಗಿಸ್ತಿದ್ದ. ಆವಾಗ್ಲೂ ನೀನು ಬೈತಿದ್ದೆ."

ಅಲ್ಲಿದ್ದವರೆಲ್ಲ ನಕ್ಕರು. ಭಾನುಪ್ರಿಯಾಳೂ ನಕ್ಕಳು, ಅಳುತ್ತಲೇ. ಹಾಲಿನ ಸಾಲಲ್ಲಿ ಆ ಕಡೆ ಮುಖ ತಿರುಗಿಸಿದ್ದವಳೂ ಈ ಕಡೆ ತಿರುಗಿದಳು. ಮತ್ತೆ ಐದು ನಿಮಿಷ ಕಾದರು. ಆಮೇಲೆ ಅಳೆದರು. ಮುನಿತಾಯಮ್ಮನ ಬಿ.ಪಿ. ಹದವಾಗಿತ್ತು.

"ದಿನಾ ಮಾತ್ರೆ ತಗೊಂಡ್ರಾ ಅಜ್ಜಿ?"

"ತಗೊಳ್ದೆ? ನಿನ್ ಮಾವ ಡೈರಿಲಿ ಎಲ್ರ ಮುಂದೆ ಕೇಳೋನು. ಮಾನ ಹೋಗುತ್ತೆ ಅಂತ ತಗೊಂಡೆ."

ಭಾನುಪ್ರಿಯಾ ಅದನ್ನೂ ಬರೆದುಕೊಂಡಳು.

ದಿನಕ್ಕೆ ಕೆಲವರಂತೆ, ವಾರ ತುಂಬುವ ಮೊದಲೇ ಊರು ಮುಗಿಯಿತು. ಕಾಲು ನೋವಿನ ಒಬ್ಬಳನ್ನು ಮುನಿಕೃಷ್ಣ ಟಿವಿಎಸ್‌ನಲ್ಲಿ ಕೂರಿಸಿಕೊಂಡು ಬಂದ. ಎಲ್ಲರೂ ಅಳೆಸಿಕೊಂಡು ಹೋಗಿ ತಲೆ ಮೇಲೆ ನೀರು ಹಾಕಿಕೊಂಡರು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ತಿಥಿ. ಊರೆಲ್ಲ ಬಂದು ಉಂಡು ಹೋಯಿತು.

ಪುಸ್ತಕ ಬರೆಯಲು ಭಾನುಪ್ರಿಯಾಗೆ ಒಂದು ವರ್ಷ ಹಿಡಿಯಿತು. ಕಾಲೇಜಿಂದ ಬಂದು ಜಗುಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು. ವರಲಕ್ಷ್ಮಮ್ಮ ಕಾಫಿ ಕೊಡುತ್ತಿದ್ದಳು, ಪಾತ್ರೆ ತೊಳೆಯಲು ಕರೆಯುತ್ತಿರಲಿಲ್ಲ. ಅದು ಅವಳ ಪಾಲಿನ ಪಿಎಚ್‌ಡಿ.

ಕೊನೆಗೆ ವೈವಾ ಅಂತ ಒಂದು ದಿನ ಬಂತು. ದೊಡ್ಡವರು ಕೂತು ಕೇಳುತ್ತಾರೆ, ಇವಳು ಎಲ್ಲರ ಮುಂದೆ ಉತ್ತರ ಹೇಳಬೇಕು. ಯಾರು ಬೇಕಾದರೂ ಹೋಗಿ ಕೂರಬಹುದಂತೆ. ಮುನಿಕೃಷ್ಣ ತಾಯಿಯನ್ನು ಕರೆದುಕೊಂಡು ಹೋದ. ವರಲಕ್ಷ್ಮಮ್ಮ ಹಿಂದಿನ ಸಾಲಲ್ಲಿ ಕೂತಳು. ಎಲ್ಲ ಇಂಗ್ಲಿಷು. ಒಂದು ಮಾತೂ ತಿಳಿಯಲಿಲ್ಲ. ಫ್ಯಾನಿನ ಗಾಳಿಗೆ ನಿದ್ದೆ ಬರುತ್ತಿತ್ತು.

ಆಗ ಬಿಳಿ ಕೂದಲಿನ ಒಬ್ಬ ಮೇಡಂ ಏನೋ ಕೇಳಿದರು. ಭಾನುಪ್ರಿಯಾ ಹಿಂದಿನ ಸಾಲಿನ ಕಡೆ ನೋಡಿದಳು. ಆಮೇಲೆ ಹೇಳತೊಡಗಿದಳು. ಇಂಗ್ಲಿಷಿನ ನಡುವೆ ಡೈರಿ ಅಂದಳು. ಸೂತಕ ಅಂದಳು. ಚೇರ್ ಅಂದಳು. ವರಲಕ್ಷ್ಮಮ್ಮ ನೆಟ್ಟಗೆ ಕೂತಳು. ಇದೊಂದು ಉತ್ತರ ಪೂರ್ತಿ ತಿಳಿಯಿತು. ಒಂದೂರಿನಲ್ಲಿ ಮಾತ್ರ ಮನೆ ಬಿಟ್ಟು ಡೈರಿಯಲ್ಲಿ ಯಾಕೆ ಅಳೆದಿರಿ ಅಂತ ಕೇಳಿದ್ದಾರೆ. ಅದೇ ಹೊತ್ತು, ಅದೇ ಕುರ್ಚಿ ಅಂತ ಇವಳು ಹೇಳಿದ್ದಾಳೆ. ಮೇಡಂ ಕನ್ನಡಕ ತೆಗೆದು, ತಲೆ ಆಡಿಸಿ, ನಕ್ಕರು. ಕೆಟ್ಟ ನಗು ಅಲ್ಲ.

ಆವತ್ತಿಂದ ಭಾನುಪ್ರಿಯಾ ಡಾಕ್ಟರು. ಊರಲ್ಲಿ ಮುನಿತಾಯಮ್ಮ ಮೊದಲು ಕೇಳಿದಳು. "ಡಾಕ್ಟ್ರಮ್ಮ, ಮಂಡಿ ನೋವಿಗೆ ಒಂದು ಮಾತ್ರೆ ಬರ್ಕೊಡು."

"ನಾನು ಬರ್ಕೊಡೋ ಡಾಕ್ಟ್ರಲ್ಲ ಅಜ್ಜಿ."

"ಮತ್ತೆ ಎಂಥ ಡಾಕ್ಟ್ರೇ ನೀನು?"

"ಹಾಲಿನ ಡಿಗ್ರಿ ಥರ ಕಣಕ್ಕಯ್ಯ" ಅಂದಳು ವರಲಕ್ಷ್ಮಮ್ಮ. ಮುನಿತಾಯಮ್ಮನಿಗೆ ತಿಳಿಯಲಿಲ್ಲ. ವರಲಕ್ಷ್ಮಮ್ಮ ಒಬ್ಬಳೇ ನಕ್ಕಳು.

ಈ ಸಲವೂ ಅವರೆಕಾಯಿ ಬಂತು. ವರಲಕ್ಷ್ಮಮ್ಮ ನೆನೆಹಾಕಿದಳು, ಅತ್ತೆ ಸೊಸೆ ಹಿತುಕಿದರು. ಒಂದು ಬೇಳೆಯೂ ಅಂಗಳಕ್ಕೆ ಹಾರಲಿಲ್ಲ. ಕೋಳಿ ಸ್ವಲ್ಪ ಹೊತ್ತು ನಿಂತು ನೋಡಿ ಹೋಯಿತು. ವರಲಕ್ಷ್ಮಮ್ಮ ಒಂದು ಹಿಡಿ ಬೇಳೆ ಎತ್ತಿ ಅದರ ಮುಂದೆ ಎಸೆದಳು.

ಕುರ್ಚಿ ಮನೆಗೆ ವಾಪಸ್ ಬರಲೇ ಇಲ್ಲ. ಪುಸ್ತಕ ಮುಗಿದರೂ ಹೆಂಗಸರು ಬಿಡಲಿಲ್ಲ. ಭಾನುಪ್ರಿಯಾ ಈಗಲೂ ಕಾಲೇಜಿಗೆ ಹೋಗುವ ಮುಂಚೆ ಡೈರಿಯಲ್ಲಿ ನಿಂತು ಒಂದಿಬ್ಬರದ್ದು ನೋಡಿ ಹೋಗುತ್ತಾಳೆ. ಗಂಗಣ್ಣ ಕುರ್ಚಿಯನ್ನು ಒಳಗಿಟ್ಟು ಬೀಗ ಹಾಕುತ್ತಾನೆ. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಹಿಂಡಿ ಮೂಟೆಯ ಧೂಳು ಕೂತಿರುತ್ತದೆ.

ವರಲಕ್ಷ್ಮಮ್ಮ ಕ್ಯಾನು ಹಿಡಿದು ಹೋಗುತ್ತಾಳೆ. ಹಾಲು ಹಾಕುತ್ತಾಳೆ. ಕುರ್ಚಿ ಹೊರಗೆ ತಂದು ಸೆರಗಲ್ಲಿ ಒರೆಸುತ್ತಾಳೆ. ಕೂರೋ ಜಾಗ, ಬೆನ್ನು, ಕೈ ಎರಡೂ. ಗೋಡೆ ಪಕ್ಕ ಹಾಕುತ್ತಾಳೆ. ಮನೆಗೆ ಬಂದು ಸ್ನಾನ ಮಾಡುತ್ತಾಳೆ.